ಗೊರಸು, ಲಾಳ ಮತ್ತು ನಡಿಗೆ

ವಿಜ್ಞಾನದ ಪಾಠದಲ್ಲಿ ‘ಲಾಳಾಕಾರದ ಅಯಸ್ಕಾಂತ’ ಎಂಬ ಮಾತು ಬಂದಾಗಲೆಲ್ಲ ನಾನು ನನ್ನ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುತ್ತಿದ್ದೆನು: “ಲಾಳವನ್ನು ಕಣ್ಣಾರೆ ಕಂಡವರು ಯಾರು?” ಅಧ್ಯಾಪಕ ವೃತ್ತಿಯನ್ನು ಸೇರಿದ ಹೊಸತರಲ್ಲಿ ಈ ಪ್ರಶ್ನೆಗೆ ಹಲವು ಕೈಗಳು ಮೇಲೇಳುತ್ತಿದ್ದುವು. ನಿವೃತ್ತನಾಗುವ ಹೊತ್ತಿಗೆ ಒಂದು ಕೈಯೂ ಏಳದಂತಾಯಿತು. ಅಯಸ್ಕಾಂತವನ್ನು ಕಂಡು, ಲಾಳವೆಂದರೆ ಬಹುಶಃ ಹೀಗಿದ್ದೀತು ಎಂದು ಊಹಿಸಿಕೊಳ್ಳುವ ಕಾಲವಿದು; ಉಪಮಾನವೂ ಉಪಮೇಯವೂ ತಂತಮ್ಮ ಸ್ಥಾನಗಳನ್ನು ಬದಲಾಯಿಸಿಕೊಂಡಿವೆ. ಆದುದರಿಂದ ಈ ವರ್ಷದ ಸಂಚಿಕೆಗೆ ಏನನ್ನಾದರೂ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ ಲಾಳದ ವಿಷಯವನ್ನೇ ಆರಿಸಿಕೊಂಡೆನು. ಇದಕ್ಕೆ ನನ್ನದೇ ಆದ ಇನ್ನೊಂದು ಕಾರಣವೂ ಉಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬಾಲಕನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಜೋಡೆತ್ತಿನ ಗಾಡಿಯಿತ್ತು. ಅಡಕೆಯ ಮೂಟೆಗಳನ್ನು ಹೇರಿಕೊಂಡು ಅದು ಕಾಸರಗೋಡಿನ ಪೇಟೆಗೆ ಹೋಗುವುದು, ಅಕ್ಕಿ, ಉಪ್ಪು, ಸೀಮೆಎಣ್ಣೆಗಳನ್ನು ಹೇರಿಕೊಂಡು ಹಿಂದಿರುಗುವುದು. ನಮ್ಮ ನಾಡಿನ ಹಾದಿ ಮುರಕಲ್ಲಿನ ಹಾದಿ. ಮಳೆಗಾಲದಲ್ಲಿ ಕೊಚ್ಚೆ, ಬೇಸಗೆಯಲ್ಲಿ ಅರದಂತೆ ಒರಟು. ಲಾಳವಿಲ್ಲದೆ ಎತ್ತುಗಳು ಅಲ್ಲಿ ಭಾರವೆಳೆಯುವಂತಿರಲಿಲ್ಲ. ಒಂದು ಸಲ ಹೊಸ ಲಾಳ ಹೊಡೆಸಿದ ಎರಡನೆಯ ದಿನ ನಮ್ಮ ಬಿಳಿಯ ಎತ್ತು ಹಿಂದೆ ಹಿಂದೆ ನಿಲ್ಲತೊಡಗಿತು. ಏರಿನಲ್ಲಿ ನಿಂತೇ ಬಿಟ್ಟಿತು. ಗಾಡಿ ಹೊಡೆಯುವವನು ಅದು ಕಳ್ಳಬೀಳುತ್ತಿದೆಯೆಂದು ಬಗೆದು ಬಾರುಕೋಲನ್ನು ಬೀಸಿದನು, ಮರುದಿನವೂ ಬೀಸಿದನು. ಮೂರನೆಯ ದಿನ ನೆರೆಯ ಕುಲುಮೆಯ ಮುದುಕನೊಬ್ಬನು ಬಂದು, ಎತ್ತಿನ ಕಾಲನ್ನು ಮಡಿಸಿ ಹಿಡಿದು, ಚಿಕ್ಕ ಸುತ್ತಿಗೆಯಿಂದ ಲಾಳದ ಮೊಳೆಗಳನ್ನು ಒಂದೊಂದಾಗಿ ಮೆಲ್ಲನೆ ತಟ್ಟುತ್ತ ಹೋದನು. ಮೊದಲ ಮೂರು ಮೊಳೆಗಳಿಗೆ ಎತ್ತು ಸುಮ್ಮನಿತ್ತು. ನಾಲ್ಕನೆಯದನ್ನು ತಟ್ಟಿದೊಡನೆ ಕಾಲನ್ನು ಕಿತ್ತುಕೊಂಡಿತು. ಆ ಮೊಳೆಯನ್ನು ತೆಗೆದಾಗ ಅದರ ಹಿಂದೆಯೇ ಕಪ್ಪು ಕೀವು ಹರಿಯಿತು. ಗಾಡಿ ಹೊಡೆಯುವವನು ಬಾರುಕೋಲನ್ನು ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿ ಏನೂ ಮಾತಾಡದೆ ಹೊರಟುಹೋದನು. ಎರಡು ದಿನ ಏಟು ತಿಂದ ಪ್ರಾಣಿ ತನ್ನ ನೋವನ್ನು ಹೇಳಿಯೇ ಇತ್ತು, ಆದರೆ ಕಾಲಿನಿಂದ ಹೇಳಿತ್ತು. ಆ ಭಾಷೆ ನಮಗೆ ಬರುತ್ತಿರಲಿಲ್ಲ.

ಆ ಭಾಷೆಯ ವ್ಯಾಕರಣವನ್ನು ಕಲಿಯಬೇಕಾದರೆ ಎತ್ತಿಗಿಂತ ಕುದುರೆಯೇ ಉತ್ತಮ ಪಾಠ. ಎತ್ತಿನ ಗೊರಸು ಸೀಳು. ಅದಕ್ಕೆ ಒಂದೊಂದು ಹೋಳಿಗೂ ಒಂದೊಂದು ಚಪ್ಪಟೆ ತಗಡಿನ ಲಾಳ. ಕುದುರೆಯದು ಒಂಟಿ ಗೊರಸು, ವೇಗವೂ ಹೆಚ್ಚು. ಕಾಲಿನಲ್ಲಿ ಆದ ಅಲ್ಪ ವ್ಯತ್ಯಾಸವೂ ಅದರ ನಡಿಗೆಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುವುದು.

ಕುದುರೆಗೂ ನಮ್ಮ ಊರಿಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಇಕ್ಕೇರಿಯ ನಾಯಕರು ೧೭ನೆಯ ಶತಮಾನದಲ್ಲಿ ಕಟ್ಟಿಸಿದ ಬೇಕಲ ಕೋಟೆಯು ೧೭೬೩ರಲ್ಲಿ ಬಿದನೂರು ಬಿದ್ದ ತರುವಾಯ ಹೈದರಾಲಿಯ ವಶವಾಯಿತು. ೧೭೯೯ರ ವರೆಗೂ ಮೈಸೂರಿನ ಸೈನ್ಯಕ್ಕೆ ಅದು ಮುಖ್ಯ ನೆಲೆ. ಹೈದರನ ಬಲವೆಂದರೆ ಆತನ ಕುದುರೆಸವಾರರೇ. ಅದಕ್ಕೂ ಹಿಂದೆ ಅರಬಸ್ತಾನ ಮತ್ತು ಪಾರಸಿ ದೇಶಗಳ ಕುದುರೆಗಳು ಹಡಗುಗಳಲ್ಲಿ ನಮ್ಮ ಈ ಪಡುಗಡಲ ತೀರಕ್ಕೆ ಬಂದಿಳಿದು, ಭಟ್ಕಳವೇ ಮೊದಲಾದ ರೇವುಗಳಿಂದ ಘಟ್ಟವನ್ನೇರಿ ವಿಜಯನಗರವನ್ನು ಸೇರುತ್ತಿದ್ದುವು. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನೆಂದೂ, ಹಡಗಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂದೂ ಪೋರ್ತುಗೀಸರ ನೂನಿಜನು ಬರೆದಿಟ್ಟಿದ್ದಾನೆ. ಇಷ್ಟು ಹಣ ಸುರಿದು ತರಿಸಿದ ಪ್ರಾಣಿ ಬಹುಕಾಲ ಬಾಳುತ್ತಿತ್ತೇ? ೧೩ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಹಿಂದೂಸ್ಥಾನದ ತೀರಗಳನ್ನು ಕಂಡ ಮಾರ್ಕೊ ಪೋಲೊ ಇಲ್ಲವೆನ್ನುತ್ತಾನೆ. ಇಲ್ಲಿಯವರಿಗೆ ಕುದುರೆಗಳ ಆರೈಕೆ ತಿಳಿಯದು. ಆ ವಿದ್ಯೆ ಬಲ್ಲವರು ಇಲ್ಲಿಗೆ ಬಾರದಂತೆ ವ್ಯಾಪಾರಿಗಳೇ ನೋಡಿಕೊಳ್ಳುವರು. ಹೆಚ್ಚು ಕುದುರೆಗಳು ಸತ್ತಷ್ಟೂ ಅವರಿಗೆ ಲಾಭ ಎಂಬುದು ಆತನ ದೂರು. ಪರದೇಶೀಯನ ಮಾತನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವು ನಮ್ಮಲ್ಲಿ ಬಹು ಹಿಂದಿನಿಂದಲೂ ಇತ್ತು. ಕನ್ನಡದಲ್ಲಿ ೧೨ನೆಯ ಶತಮಾನದ ಆದಿಭಾಗದಲ್ಲೇ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಕುದುರೆಗಳ ಶಾಸ್ತ್ರವನ್ನು ಬರೆದನು. ಆದರೆ ಓಲೆಗರಿಯಲ್ಲಿದ್ದ ವಿದ್ಯೆ ಲಾಯದ ವರೆಗೂ ತಲಪಿತ್ತೇ ಎಂಬುದು ಬೇರೆ ಪ್ರಶ್ನೆ. ನಮ್ಮ ಹಟ್ಟಿಯ ವರೆಗೆ ತಲಪಿರಲಿಲ್ಲವೆಂಬುದನ್ನು ಮೇಲೆ ಹೇಳಿದೆನಷ್ಟೆ.

ಇನ್ನು ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳೇ, ನಿಮ್ಮ ಬಲಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳೊಂದನ್ನು ಬಿಟ್ಟು ಮಿಕ್ಕೆಲ್ಲ ಬೆರಳುಗಳನ್ನು ಮಡಿಸಿರಿ. ಆಮೇಲೆ ಆ ನಡುಬೆರಳಿನ ಉಗುರಿನ ಮೇಲೆ ಮೈಭಾರವನ್ನು ಬಿಡಲು ಯತ್ನಿಸಿರಿ. ಕುದುರೆ ನಿಂತಿರುವುದು ಹೀಗೆಯೇ. ಅದರ ಮುಂಗಾಲಿನಲ್ಲಿ ನಾವು ಮೊಣಕಾಲೆಂದು ಕರೆಯುವ ಸಂದು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದುದು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಗಂಟು ನಮ್ಮ ಹಿಮ್ಮಡಿಗೆ ಸಮಾನ. ಅದರಿಂದ ಕೆಳಗಿರುವುದೆಲ್ಲವೂ ಒಂದೇ ಒಂದು ಬೆರಳು, ಬೆರಳಿನ ತುದಿಯಲ್ಲೊಂದು ಉಗುರು. ನಾಲ್ಕೈದು ಕ್ವಿಂಟಾಲು ತೂಗುವ ಪ್ರಾಣಿ ನಾಲ್ಕು ಉಗುರುಗಳ ಮೇಲೆ ನಿಂತಿದೆ. ಆ ಭಾರದಲ್ಲಿ ನೂರಕ್ಕೆ ೬೦ ಭಾಗದಷ್ಟು ಮುಂಗಾಲುಗಳ ಮೇಲೆಯೇ ಬೀಳುವುದು. ಕುಂಟುವ ಕುದುರೆಗಳಲ್ಲಿ ಮುಂಗಾಲಿನ ದೋಷವೇ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಗೊರಸೆಂದರೆ ಮರದ ಕೊರಡಿನಂತೆ ಜಡವಾದ ವಸ್ತುವಲ್ಲ. ಹೊರಗಡೆ ಕಾಣುವ ಗೋಡೆಯು ನಮ್ಮ ಉಗುರಿನಂತೆಯೇ ನಿರ್ಜೀವ, ಕತ್ತರಿಸಿದರೆ ನೋವಿಲ್ಲ. ಅದು ರೋಮ ಮುಗಿದು ಗೊರಸು ಆರಂಭವಾಗುವ ಅಂಚಿನಿಂದ ಕೆಳಮುಖವಾಗಿ ತಿಂಗಳಿಗೆ ೬ರಿಂದ ೧೦ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಮುಂತುದಿಯ ಗೋಡೆ ಮೇಲಿನಿಂದ ಕೆಳಗಿನ ವರೆಗೆ ಪೂರ್ತಿಯಾಗಿ ಹೊಸದಾಗಲು ಸುಮಾರು ಒಂದು ವರ್ಷ ಬೇಕು. ಗೋಡೆಯ ಒಳಮೈಯಲ್ಲಿ ಪುಸ್ತಕದ ಹಾಳೆಗಳಂತೆ ಸುಮಾರು ೬೦೦ ತೆಳುವಾದ ಪದರಗಳಿವೆ. ಒಳಗಿನ ಎಲುಬನ್ನು ಆವರಿಸಿದ ಜೀವಂತ ಮಾಂಸದಲ್ಲಿಯೂ ಅಂತಹವೇ ಪದರಗಳಿದ್ದು, ಎರಡು ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದಂತೆ ಇವು ಹೆಣೆದುಕೊಂಡಿರುತ್ತವೆ. ಮಕ್ಕಳು ಎರಡು ನೋಟುಪುಸ್ತಕಗಳ ಹಾಳೆಗಳನ್ನು ಹೀಗೆ ಸೇರಿಸಿ ಎಳೆದುನೋಡಲಿ. ಎಷ್ಟು ಬಲವಾಗಿ ಹಿಡಿದುಕೊಳ್ಳುತ್ತವೆಂಬುದು ತಿಳಿಯುವುದು. ಕುದುರೆಯ ಕಾಲಿನ ಎಲುಬು ಗೊರಸಿನ ತಳದ ಮೇಲೆ ಸುಮ್ಮನೆ ಕೂತಿರುವುದಿಲ್ಲ. ಈ ಹೆಣಿಗೆಯಿಂದ ಗೋಡೆಯ ಒಳಗೆ ತೂಗಿಕೊಂಡಿದೆ. ಆ ಹೆಣಿಗೆಗೆ ಉರಿಯೂತ ತಗಲಿ ಬಿಟ್ಟುಕೊಂಡರೆ ಎಲುಬು ಕೆಳಕ್ಕೆ ಜಾರುವುದು. ಕುದುರೆಯ ರೋಗಗಳಲ್ಲಿ ಅತಿ ಘೋರವಾದವುಗಳಲ್ಲಿ ಇದೊಂದು. ಧಾನ್ಯವನ್ನು ಅತಿಯಾಗಿ ತಿನ್ನಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಪ್ರೀತಿಯಿಂದಲೇ ಕುದುರೆಯನ್ನು ಕೆಡಿಸಿದವರೂ ಉಂಟು.

ಗೊರಸನ್ನು ಎತ್ತಿ ಅಡಿಯಿಂದ ನೋಡಿದರೆ, ಗೋಡೆಯ ಅಂಚು, ಅದರ ಒಳಗೆ ಒಂದು ಬಿಳಿಯ ಗೆರೆ, ನಡುವೆ ತುಸು ತಗ್ಗಾದ ತಳ, ಹಿಂಬದಿಯಿಂದ ಮುಂದಕ್ಕೆ ಚೂಪಾಗಿ ಚಾಚಿದ ತ್ರಿಕೋಣಾಕಾರದ ಒಂದು ಮೆತ್ತೆ, ಇಷ್ಟು ಕಾಣುವುವು. ಬಿಳಿಯ ಗೆರೆಯೇ ಇಲ್ಲಿ ಗಡಿಕಲ್ಲು. ಅದರ ಹೊರಗೆ ಮೊಳೆ ಹೋದರೆ ಕ್ಷೇಮ, ಒಳಗೆ ಹೋದರೆ ಜೀವಂತ ಮಾಂಸ. ಮೆತ್ತೆಯ ಕೆಲಸವೂ ಸ್ವಾರಸ್ಯವಾದುದು. ಕಾಲು ನೆಲಕ್ಕೆ ಬಿದ್ದಾಗ ಅದು ಅಮುಕಿಕೊಳ್ಳುವುದು, ಗೊರಸಿನ ಹಿಂಭಾಗ ಎರಡು ಕಡೆಗೂ ತುಸುವೇ ಅಗಲವಾಗುವುದು. ಕಾಲೆತ್ತಿದಾಗ ಮತ್ತೆ ಮೊದಲಿನಂತಾಗುವುದು. ಈ ಅಗಲ ಕಿರಿದುಗಳಿಂದ ಪೆಟ್ಟಿನ ರಭಸ ಕುಗ್ಗುವುದಲ್ಲದೆ, ಕಾಲಿನ ತುದಿಯ ರಕ್ತ ಮೇಲಕ್ಕೆ ಏರಲೂ ನೆರವಾಗುವುದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಲಾಳದ ಮೊಳೆಗಳನ್ನು ಗೊರಸಿನ ಮುಂಭಾಗಕ್ಕೇ ಏಕೆ ಹೊಡೆಯುತ್ತಾರೆ, ಹಿಮ್ಮಡಿಯ ಕಡೆಗೆ ಏಕೆ ಹೊಡೆಯುವುದಿಲ್ಲ ಎಂಬುದು ತಾನಾಗಿಯೇ ತಿಳಿಯುವುದು. ಹಿಂಭಾಗವನ್ನು ಕಬ್ಬಿಣಕ್ಕೆ ಬಿಗಿದರೆ ಅದು ಅಗಲವಾಗುವುದೆಲ್ಲಿ? ವರ್ಷಗಟ್ಟಲೆ ಹಾಗೆ ಬಿಗಿದ ಗೊರಸುಗಳ ಹಿಮ್ಮಡಿ ಕಿರಿದಾಗಿ, ಮೆತ್ತೆ ಸೊರಗಿ, ನಡಿಗೆ ಮೊಟಕಾಗುವುದು.

ಸಮತೂಕವೆಂಬ ಮಾತಿಗೆ ಇಲ್ಲಿ ಎರಡು ದಿಕ್ಕುಗಳಿವೆ: ಮುಂದು ಹಿಂದು ಒಂದು, ಎಡ ಬಲ ಮತ್ತೊಂದು. ಕುದುರೆಯನ್ನು ಸಮನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿರಿ. ಗೊರಸಿಗೆ ಮೇಲಿನ ಓರೆಯಾದ ಕಿರುಗಾಲಿನ ಇಳಿಜಾರೂ ಗೊರಸಿನ ಮುಂಗೋಡೆಯ ಇಳಿಜಾರೂ ಒಂದೇ ಸರಳರೇಖೆಯಲ್ಲಿರಬೇಕು. ಮುಂಗಾಲಿನಲ್ಲಿ ಈ ಕೋನ ಸಾಧಾರಣವಾಗಿ ೫೦ರಿಂದ ೫೫ ಅಂಶ. ಹಿಂಗಾಲಿನಲ್ಲಿ ತುಸು ಹೆಚ್ಚು. ಹಳೆಯ ಕೈಪಿಡಿಗಳು ಇಷ್ಟೇ ಅಂಶವಿರಬೇಕೆಂದು ಕಟ್ಟುನಿಟ್ಟಾಗಿ ಹೇಳುತ್ತಿದ್ದುವು. ಈಗಿನ ವೈದ್ಯರು ಅಂಕೆಗಿಂತ ಆ ಸರಳರೇಖೆಗೇ ಹೆಚ್ಚು ಬೆಲೆ ಕೊಡುತ್ತಾರೆ. ಸಂದೇಹವಿದ್ದಲ್ಲಿ ಕ್ಷಕಿರಣದ ಚಿತ್ರ ತೆಗೆದು ಒಳಗಿನ ಎಲುಬಿನ ನಿಲುವನ್ನೇ ನೋಡುತ್ತಾರೆ. ನನಗೂ ಇದೇ ಸರಿಯೆಂದು ತೋರುತ್ತದೆ. ಕೋನಮಾಪಕವನ್ನು ನಂಬಿ ಕುದುರೆಯನ್ನು ನೋಡದಿರುವುದು ಲೆಕ್ಕದ ಉತ್ತರವನ್ನು ಮೊದಲೇ ಬರೆದಿಟ್ಟು ಲೆಕ್ಕ ಮಾಡಿದಂತೆ.

ಮುಂತುದಿ ಉದ್ದವಾಗಿ ಹಿಮ್ಮಡಿ ತಗ್ಗಿದರೆ ಆ ರೇಖೆ ಹಿಂದಕ್ಕೆ ಮುರಿಯುವುದು. ಇದು ಅತ್ಯಂತ ಸಾಮಾನ್ಯವಾದ ದೋಷ. ಕಾಲಕಾಲಕ್ಕೆ ಗೊರಸನ್ನು ಕೊರೆಯಿಸದೆ ಬಿಟ್ಟರೆ ತಾನಾಗಿಯೇ ಬರುವಂತಹದು. ಇದರ ಪರಿಣಾಮವನ್ನು ತಿಳಿಯಲು ಅಣ್ಣನ ಉದ್ದನೆಯ ಬೂಟುಗಳನ್ನು ತಮ್ಮನು ಹಾಕಿಕೊಂಡು ಓಡುವುದನ್ನು ನೋಡಿದರೆ ಸಾಕು. ಪ್ರತಿ ಹೆಜ್ಜೆಯ ಕೊನೆಯಲ್ಲಿ ಕಾಲು ತುದಿಯ ಮೇಲೆ ಉರುಳಿ ನೆಲವನ್ನು ಬಿಡಬೇಕು. ತುದಿ ಉದ್ದವಾದಷ್ಟೂ ಉರುಳುವುದು ತಡವಾಗುವುದು. ಸನ್ನೆಗೋಲಿನ ತೋಳು ಉದ್ದವಾದಂತೆ ಹಿಂಬದಿಯ ಸ್ನಾಯುರಜ್ಜುವಿನ ಮೇಲೆ ಎಳೆತ ಹೆಚ್ಚುವುದು. ಆ ರಜ್ಜು ದೋಣಿಯ ಆಕಾರದ ಒಂದು ಪುಟ್ಟ ಎಲುಬಿನ ಮೇಲೆ ಹಾದು ಬರುತ್ತದೆ. ಅಲ್ಲಿಯೇ ಒತ್ತಡ, ಅಲ್ಲಿಯೇ ಮುಂದೆ ವಾಸಿಯಾಗದ ಕುಂಟು. ಕುದುರೆ ಮುಗ್ಗರಿಸತೊಡಗುತ್ತದೆ. ಮುಂಗಾಲು ತಡವಾಗಿ ಏಳುವುದರಿಂದ ಸಕಾಲದಲ್ಲಿ ಬಂದ ಹಿಂಗಾಲು ಅದಕ್ಕೆ ತಾಕಿ ‘ಟಕ್’ ಎಂಬ ಲೋಹದ ಸದ್ದು ಕೇಳಿಬರುವುದು. ಕೆಲವು ಸಲ ಹಿಂಗಾಲು ಮುಂಗಾಲಿನ ಲಾಳವನ್ನೇ ಮೆಟ್ಟಿ ಕಿತ್ತುಬಿಡುವುದು, ಇಲ್ಲವೆ ಹಿಮ್ಮಡಿಯ ಮಾಂಸವನ್ನು ಸೀಳುವುದು. ಆ ಸದ್ದನ್ನು ಕೆಲವು ಸವಾರರು ಕುದುರೆಯ ಸೋಮಾರಿತನವೆಂದು ತಿಳಿದು ಹಿಮ್ಮಡಿಯಿಂದ ತಿವಿಯುತ್ತಾರೆ. ನಮ್ಮ ಬಿಳಿಯ ಎತ್ತಿನ ಕತೆಯೇ ಮತ್ತೆ.

ಇದಕ್ಕೆ ವಿರುದ್ಧವಾಗಿ ಹಿಮ್ಮಡಿ ಅತಿಯಾಗಿ ಎತ್ತರವಾದರೆ ರೇಖೆ ಮುಂದಕ್ಕೆ ಮುರಿಯುವುದು. ಹೆಜ್ಜೆ ಕಿರಿದಾಗುವುದು, ಪೆಟ್ಟು ನೇರವಾಗಿ ಎಲುಬಿಗೆ ತಾಕುವುದು, ಸವಾರನಿಗೆ ಒರಳಿನ ಮೇಲೆ ಕೂತಂತಾಗುವುದು.

ಎಡಬಲದ ಸಮತೂಕ ಇನ್ನೂ ಸೂಕ್ಷ್ಮ. ಲಾಳಗಾರನು ಗೊರಸನ್ನು ಅರದಿಂದ ಉಜ್ಜುವಾಗ ತನ್ನ ಕೈಗೆ ಒಗ್ಗಿದ ಕಡೆಯನ್ನು ಅರಿವಿಲ್ಲದೆ ಹೆಚ್ಚು ಸವೆಸುವುದುಂಟು. ಆಗ ಎತ್ತರವಾಗಿ ಉಳಿದ ಬದಿ ಮೊದಲು ನೆಲಕ್ಕೆ ತಾಕುವುದು. ಮರುಕ್ಷಣ ಮತ್ತೊಂದು ಬದಿ. ಪ್ರತಿ ಹೆಜ್ಜೆಯಲ್ಲಿಯೂ ಸಂದುಗಳು ಓರೆಯಾಗಿ ತಿರುಚಿಕೊಳ್ಳುತ್ತವೆ. ಎತ್ತರದ ಬದಿಯ ಗೋಡೆ ಮೇಲಕ್ಕೆ ತಳ್ಳಲ್ಪಟ್ಟು, ರೋಮದ ಅಂಚು ಅಲ್ಲಿ ಉಬ್ಬಿಕೊಳ್ಳುವುದು. ಕೊನೆಗೆ ಗೋಡೆ ಲಂಬವಾಗಿ ಬಿರಿಯುವುದೂ ಉಂಟು. ಇದನ್ನು ನಂಬಲಾರದವರು ಒಂದು ಪ್ರಯೋಗ ಮಾಡಲಿ. ತಮ್ಮ ಬಲಗಾಲಿನ ಪಾದರಕ್ಷೆಯ ಹೊರಅಂಚಿನ ಅಡಿಗೆ ರಟ್ಟಿನ ದಪ್ಪ ತುಂಡೊಂದನ್ನು ಅಂಟಿಸಿ, ಶಾಲೆಯ ಮೈದಾನಕ್ಕೆ ಎರಡು ಸುತ್ತು ನಡೆದು ಬರಲಿ. ಮೊಣಕಾಲಿಗೇ ವಿಷಯ ತಿಳಿದುಬಿಡುವುದು. ಕುದುರೆಗೆ ಅದೇ ಸ್ಥಿತಿಯಲ್ಲಿ ಆರೇಳು ವಾರ ಓಡಬೇಕಾಗುವುದು.

ಹುಟ್ಟಿನಿಂದಲೇ ಕಾಲು ವಕ್ರವಾಗಿರುವ ಕುದುರೆಗಳೂ ಇವೆ. ಗೊರಸಿನ ತುದಿ ಒಳಮುಖವಾಗಿದ್ದರೆ ಕಾಲು ಗಾಳಿಯಲ್ಲಿ ಹೊರಕ್ಕೆ ಬೀಸಿ, ಹುಟ್ಟು ಹಾಕಿದಂತೆ ಸುತ್ತಿ ಬರುವುದು. ಹೊರಮುಖವಾಗಿದ್ದರೆ ಕಾಲು ಒಳಕ್ಕೆ ಬೀಸಿ ಪಕ್ಕದ ಕಾಲಿಗೆ ತಾಕುವುದು. ಇದು ಹೆಚ್ಚು ಅಪಾಯಕರ. ಇಂತಹ ವಕ್ರತೆಯನ್ನು ಮರಿ ಕೆಲವು ತಿಂಗಳದಾಗಿರುವಾಗ, ಎಲುಬುಗಳು ಇನ್ನೂ ಬೆಳೆಯುತ್ತಿರುವಾಗಲೇ ತಿದ್ದಬೇಕು. ಬಲಿತ ಕುದುರೆಯ ಗೊರಸನ್ನು ಓರೆಯಾಗಿ ಕೊರೆದು ಕಾಲನ್ನು ನೇರ ಮಾಡುತ್ತೇನೆಂದು ಹೊರಡುವ ಲಾಳಗಾರನು ನೋಟಕ್ಕೆ ಚೆಂದ ಮಾಡಿ ಸಂದುಗಳನ್ನು ಕೆಡಿಸುತ್ತಾನೆ. ವಕ್ರವಾಗಿ ನಡೆದರೂ ನೋವಿಲ್ಲದೆ ನಡೆಯುವ ಕುದುರೆಯನ್ನು ಹಾಗೆಯೇ ನಡೆಯಗೊಡುವುದು ಲೇಸು.

ಈಗ ಲಾಳ ಕಟ್ಟುವ ಕೆಲಸ. ಉತ್ತರ ಕರ್ನಾಟಕದಲ್ಲಿ ‘ನಾಲಬಂದ’ ಎಂಬ ಮನೆತನದ ಹೆಸರು ಇಂದಿಗೂ ಇದೆ. ನಾಲವೆಂದರೆ ಲಾಳ, ಬಂದನೆಂದರೆ ಕಟ್ಟುವವನು, ಪಾರಸಿ ಮಾತು. ಮೊದಲು ಹಳೆಯ ಮೊಳೆಗಳ ಮಡಿಕೆಗಳನ್ನು ಬಿಡಿಸಿ ಲಾಳವನ್ನು ತೆಗೆಯಬೇಕು. ಬೆಳೆದ ಗೋಡೆಯನ್ನು ಕತ್ತರಿಸಿ ಅರದಿಂದ ಸಮ ಮಾಡಬೇಕು. ಆಮೇಲೆ ಕಾಯಿಸಿದ ಲಾಳವನ್ನು ಅಡಿಗಲ್ಲಿನ ಮೇಲೆ ಬಡಿದು ಆ ಗೊರಸಿನ ಆಕಾರಕ್ಕೆ ತರಬೇಕು. ಮುಂಗೊರಸು ದುಂಡಗೆ, ಹಿಂಗೊರಸು ತುಸು ಚೂಪು. ಆದುದರಿಂದ ಒಂದರ ಲಾಳ ಮತ್ತೊಂದಕ್ಕೆ ಸಲ್ಲದು. ಬಿಸಿ ಲಾಳವನ್ನು ಕ್ಷಣಕಾಲ ಗೊರಸಿಗೆ ಒತ್ತಿದಾಗ ಹೊಗೆಯೆದ್ದು ಕೂದಲು ಸುಟ್ಟ ವಾಸನೆ ಬರುವುದು. ನೋಡುವವರು ಬೆದರಿದರೂ ಕುದುರೆಗೆ ನೋವಿಲ್ಲ. ಎಲ್ಲಿ ಕೂಡಿಲ್ಲವೆಂಬುದು ಸುಟ್ಟ ಗುರುತಿನಿಂದ ತಿಳಿಯುವುದು. ಮೊಳೆಗೆ ಒಂದು ಮೈ ಚಪ್ಪಟೆ, ತುದಿಯ ಬಳಿ ಇನ್ನೊಂದು ಮೈ ಓರೆ. ಓರೆಯ ಮೈಯನ್ನು ಒಳಗಡೆಗೆ ಮಾಡಿ ಹೊಡೆದರೆ ತುದಿಯು ಬಾಗಿ ಹೊರಕ್ಕೆ ಬರುವುದು. ತಿರುವುಮುರುವಾಗಿ ಹೊಡೆದರೆ ಒಳಕ್ಕೆ, ಮಾಂಸಕ್ಕೆ ಹೋಗುವುದು. ಒಂದು ಮೊಳೆಯ ಒಂದು ಮೈಯಲ್ಲಿ ಒಂದು ಪ್ರಾಣಿಯ ಸುಖದುಃಖ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಹೊರಬಂದ ತುದಿಯನ್ನು ಮುರಿದು ಮಡಿಸಿ ಅರದಿಂದ ನಯಗೊಳಿಸುವರು.

ಮೊಳೆ ನೇರವಾಗಿ ಮಾಂಸಕ್ಕೆ ತಾಕಿದರೆ ಕುದುರೆ ಕೂಡಲೇ ಕಾಲೆಳೆದುಕೊಳ್ಳುವುದು. ಅದನ್ನು ಯಾರೂ ತಪ್ಪಿ ತಿಳಿಯಲಾರರು. ಮೋಸ ಮಾಡುವುದು ಮತ್ತೊಂದು ಬಗೆ. ಮೊಳೆ ಮಾಂಸಕ್ಕೆ ತಾಕದೆ ಅದರ ತೀರ ಹತ್ತಿರದಿಂದ ಹೋಗಿ ಅಮುಕುತ್ತಿದ್ದರೆ, ಕುದುರೆ ಆ ದಿನ ಚೆನ್ನಾಗಿಯೇ ನಡೆದು, ಎರಡು ಮೂರು ದಿನಗಳ ಬಳಿಕ ಕುಂಟತೊಡಗುವುದು. ಅಷ್ಟರಲ್ಲಿ ಲಾಳಗಾರನು ಹೋಗಿರುತ್ತಾನೆ, ಯಜಮಾನನಿಗೆ ಲಾಳದ ನೆನಪೇ ಹೋಗಿರುತ್ತದೆ. ಆದುದರಿಂದ ಲಾಳ ಕಟ್ಟಿದ ವಾರದೊಳಗೆ ಕುದುರೆ ಕುಂಟಿದರೆ ಮೊದಲು ಮೊಳೆಗಳನ್ನೇ ಶಂಕಿಸಬೇಕು. ಗೊರಸು ಮುಟ್ಟಿದರೆ ಬಿಸಿಯಾಗಿರುವುದು. ಗೊರಸಿನ ಮೇಲಿನ ಕಿರುಗಾಲಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುವುದು ತಿಳಿಯುವುದು. ಮೊಳೆಯನ್ನು ತೆಗೆಯಿಸಿ, ಗಾಯವನ್ನು ಶುದ್ಧಗೊಳಿಸಿ, ಪಶುವೈದ್ಯರಿಂದ ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸುವುದು ಅವಶ್ಯ. ಕುದುರೆಗಳಿಗೆ ಧನುರ್ವಾಯು ಬಹು ಬೇಗ ತಗಲುವುದು.

ಇನ್ನೂ ಒಂದು ತಪ್ಪನ್ನು ಹೇಳಬೇಕು. ಸಿಕ್ಕಿದ ಚಿಕ್ಕ ಲಾಳವನ್ನೇ ಬಡಿದು, ಹೊರಗೆ ಉಳಿದ ಗೊರಸನ್ನು ಅರದಿಂದ ಸವೆಸಿ ಸರಿಮಾಡುವವರಿದ್ದಾರೆ. ಪಾದಕ್ಕೆ ತಕ್ಕ ಮೆಟ್ಟನ್ನು ಕೊಳ್ಳದೆ ಮೆಟ್ಟಿಗೆ ತಕ್ಕಂತೆ ಪಾದವನ್ನು ಕತ್ತರಿಸುವ ಬುದ್ಧಿ ಇದು. ಅದರಿಂದ ಗೋಡೆ ತೆಳ್ಳಗಾಗುವುದು, ಹಿಮ್ಮಡಿಗೆ ಆಧಾರ ತಪ್ಪುವುದು. ಕೆಲಸವೇನೋ ನುಣ್ಣಗೆ ಕಾಣುವುದು. ಯಜಮಾನನೂ ಮೆಚ್ಚಿ ಹಣ ಕೊಡುತ್ತಾನೆ.

ಲಾಳದ ಆಯುಸ್ಸು ಕಬ್ಬಿಣದ ಸವಕಳಿಯಿಂದ ನಿಶ್ಚಯವಾಗುವುದಿಲ್ಲ. ಲಾಳವಿರುವಾಗ ಗೊರಸು ನೆಲಕ್ಕೆ ತಾಕಿ ಸವೆಯದು, ಆದರೆ ಬೆಳೆಯುವುದು ನಿಲ್ಲದು. ಬೆಳೆದಂತೆಲ್ಲ ಲಾಳವನ್ನೂ ಮುಂದಕ್ಕೆ ಒಯ್ಯುವುದು. ಹಿಂದಿನ ತುದಿಗಳು ಹಿಮ್ಮಡಿಯಿಂದ ಜಾರಿ ತಳದ ಮೃದು ಭಾಗವನ್ನು ಅಮುಕಿ ಆಣಿಯಂತಹ ಗಾಯ ಮಾಡುವುವು. ಆದುದರಿಂದಲೇ ಕಬ್ಬಿಣ ಹೊಸದಾಗಿದ್ದರೂ ಆರರಿಂದ ಎಂಟು ವಾರಗಳಿಗೊಮ್ಮೆ ತೆಗೆದು, ಗೊರಸನ್ನು ಕೊರೆದು ಮತ್ತೆ ಕಟ್ಟಬೇಕು. “ಲಾಳ ಇನ್ನೂ ಗಟ್ಟಿಯಾಗಿದೆ” ಎಂದು ತಿಂಗಳುಗಟ್ಟಲೆ ಬಿಡುವವನು ನಾಲ್ಕು ಕಾಸು ಉಳಿಸಿ ಕುದುರೆಯನ್ನು ಕಳೆದುಕೊಳ್ಳುತ್ತಾನೆ. ಮೃದುವಾದ ಹುಲ್ಲುಗಾವಲಿನಲ್ಲಿ ಮಿತವಾಗಿ ಓಡಾಡುವ ಕುದುರೆಗೆ ಲಾಳವೇ ಬೇಡ. ಆದರೆ ಗೊರಸನ್ನು ಕಾಲಕಾಲಕ್ಕೆ ಕೊರೆಯುವುದಂತೂ ಬೇಕು.

ನಮ್ಮ ಜಿಲ್ಲೆಯ ಹವೆ ಗೊರಸಿಗೆ ಅನುಕೂಲವಾದುದಲ್ಲ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಸುರಿಯುವ ಮಳೆಯಲ್ಲಿ ಗೊರಸು ನೀರು ಹೀರಿ ಮೆತ್ತಗಾಗುವುದು, ಮೊಳೆಯ ರಂಧ್ರಗಳು ಸಡಿಲವಾಗಿ ಲಾಳ ಅಲುಗುವುದು, ಬಿಳಿಯ ಗೆರೆ ಬಿಟ್ಟುಕೊಂಡು ಸಣ್ಣ ಹರಳುಗಳು ಒಳಸೇರುವುವು. ಕೊಚ್ಚೆಯಲ್ಲಿ ನಿಂತ ಕುದುರೆಯ ಮೆತ್ತೆ ಕೊಳೆತು ಕಪ್ಪಾದ ದುರ್ಗಂಧದ ರಸ ಸೋರುವುದು. ನಾಲ್ಕು ತಿಂಗಳು ನೆನೆದ ಅದೇ ಗೊರಸು ಮತ್ತೆ ಬೇಸಗೆಯಲ್ಲಿ ಮುರಕಲ್ಲಿನ ಮೇಲೆ ಒಣಗಿ ಬಿರಿಯುವುದು. ಇದಕ್ಕೆ ಔಷಧಕ್ಕಿಂತ ಮೊದಲು ಒಣನೆಲ, ಮತ್ತು ದಿನಕ್ಕೊಮ್ಮೆ ಗೊರಸಿನ ಅಡಿಯ ಮಣ್ಣು ಸೆಗಣಿಗಳನ್ನು ಕೊಕ್ಕೆಯಿಂದ ಕೆರೆದು ತೆಗೆಯುವ ಅಭ್ಯಾಸ.

ನಡಿಗೆಯನ್ನು ಪರೀಕ್ಷಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಅಮರಕೋಶದಲ್ಲಿ ಕುದುರೆಯ ಗತಿಗಳು ಐದೆಂದು ಹೇಳಿದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ನಮ್ಮ ಕೆಲಸಕ್ಕೆ ಮೆಲುನಡಿಗೆ, ಕುಕ್ಕುಲೋಟ, ನಾಗಾಲೋಟಗಳನ್ನು ಗುರುತಿಸಿದರೆ ಸಾಕು. ಇವುಗಳಲ್ಲಿ ಕುಕ್ಕುಲೋಟವೇ ಕುಂಟನ್ನು ಬಯಲಿಗೆಳೆಯುವುದು. ಅದರಲ್ಲಿ ಬಲಮುಂಗಾಲು ಎಡಹಿಂಗಾಲುಗಳು ಒಟ್ಟಿಗೆ, ಎಡಮುಂಗಾಲು ಬಲಹಿಂಗಾಲುಗಳು ಒಟ್ಟಿಗೆ ನೆಲಕ್ಕೆ ಬೀಳುವುದರಿಂದ ಎರಡೇ ತಾಳ. ತಾಳ ತಪ್ಪಿದರೆ ಕಿವಿಗೇ ಕೇಳಿಸುವುದು. ಗಟ್ಟಿನೆಲದ ಮೇಲೆ, ಹಗ್ಗವನ್ನು ಸಡಿಲಬಿಟ್ಟು ಓಡಿಸಿ ತಲೆಯನ್ನು ನೋಡಬೇಕು. ನೋಯುವ ಮುಂಗಾಲು ನೆಲಕ್ಕೆ ತಾಕಿದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುವುದು. ಒಳ್ಳೆಯ ಕಾಲು ತಾಕಿದಾಗ ತಗ್ಗಿಸುವುದು. ಹೊಸಬರು ತಲೆ ತಗ್ಗಿದ ಕಾಲನ್ನೇ ರೋಗದ ಕಾಲೆಂದು ತಿಳಿದು, ಒಳ್ಳೆಯ ಕಾಲಿನ ಲಾಳವನ್ನು ಕಿತ್ತುಹಾಕುವುದುಂಟು. ಹಿಂಗಾಲಿನ ದೋಷವಾದರೆ ಹಿಂದಿನಿಂದ ಸೊಂಟದ ಎರಡು ಎಲುಬುಗಳ ಏರಿಳಿತವನ್ನು ನೋಡಬೇಕು. ನೋಯುವ ಕಡೆಯದು ಹೆಚ್ಚು ಏರಿಳಿಯುವುದು.

ಈ ಕಣ್ಣಿನ ವಿದ್ಯೆ ಸೈನ್ಯಗಳಲ್ಲಿ ಜೀವನ್ಮರಣದ ವಿಷಯವಾಗಿತ್ತು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದ ಕುದುರೆಗಳು ಕಾರ್ಮೆಲ್ ಬೆಟ್ಟದ ಕಡಿದಾದ ಕಲ್ಲುಹಾದಿಯನ್ನು ಹತ್ತಬೇಕಾಯಿತು. ಆ ಹಾದಿಯಲ್ಲಿ ಸಡಿಲವಾದ ಒಂದು ಲಾಳದ ಬೆಲೆ ಏನೆಂಬುದನ್ನು ಊಹಿಸಬಹುದು. ಬೆಂಗಳೂರು ಮೈಸೂರುಗಳ ಪಂದ್ಯದ ಕುದುರೆಗಳಿಗೆ ಈಗ ಹಗುರವಾದ ಅಲ್ಯೂಮಿನಿಯಂ ಲಾಳಗಳು ಬಂದಿವೆ. ನಮ್ಮ ಮಕ್ಕಳಿಗೆ ಕಾಣಸಿಗುವುದಾದರೋ ಮದುವೆಯ ದಿಬ್ಬಣದ ಕುದುರೆ, ಇಲ್ಲವೆ ಕಡಲತೀರದಲ್ಲಿ ಸವಾರಿಗೆಂದು ನಿಲ್ಲಿಸಿದ ಕುದುರೆ. ತಂದೆತಾಯಿಗಳು ಮಗುವನ್ನು ಅದರ ಬೆನ್ನ ಮೇಲೆ ಕೂರಿಸುವ ಮೊದಲು ಹತ್ತು ಹೆಜ್ಜೆ ನಡೆಯಿಸಿ ತೋರಿಸಲು ಹೇಳಲಿ. ಗೊರಸಿನ ತುದಿ ಚಪ್ಪಲಿಯ ಮೂತಿಯಂತೆ ಮುಂದೆ ಚಾಚಿದೆಯೇ, ಲಾಳ ಅಲುಗಿ ಸದ್ದು ಮಾಡುತ್ತಿದೆಯೇ, ನಿಂತಲ್ಲಿ ಒಂದು ಮುಂಗಾಲನ್ನು ಮುಂದಕ್ಕೆ ಚಾಚಿ ಭಾರ ತಪ್ಪಿಸಿಕೊಳ್ಳುತ್ತಿದೆಯೇ ಎಂದು ಮಗುವೇ ನೋಡಿ ಹೇಳಲಿ. ಹಾಗಿದ್ದರೆ ಆ ದಿನದ ಸವಾರಿ ಬೇಡ. ಆ ಮಾತನ್ನು ಕುದುರೆಯವನಿಗೂ ಮೆಲ್ಲನೆ ಹೇಳಬಹುದು. ಅವನ ಜೀವನವೂ ಆ ಕಾಲುಗಳ ಮೇಲೆಯೇ ನಿಂತಿದೆ.

ನಮ್ಮ ಬಿಳಿಯ ಎತ್ತು ಹದಿನೈದು ದಿನ ಹಟ್ಟಿಯಲ್ಲಿಯೇ ಇತ್ತು. ದಿನವೂ ಬಿಸಿ ಉಪ್ಪುನೀರಿನಲ್ಲಿ ಕಾಲನ್ನು ತೊಳೆದು ಅರಸಿನ ಹಚ್ಚಿದ ಬಟ್ಟೆ ಕಟ್ಟುವ ಕೆಲಸವನ್ನು ಗಾಡಿ ಹೊಡೆಯುವವನೇ ವಹಿಸಿಕೊಂಡನು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಮೊಳೆ ಹೊಕ್ಕ ರಂಧ್ರದ ಕಪ್ಪು ಗುರುತು ಗೊರಸಿನ ಗೋಡೆಯ ಮೇಲೆ ಉಳಿದಿತ್ತು. ನಾನು ಶಾಲೆಯಿಂದ ಬಂದೊಡನೆ ಅದನ್ನು ನೋಡುತ್ತಿದ್ದೆನು. ಗೊರಸು ಬೆಳೆದಂತೆ ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತ ಬಂದು, ನಾಲ್ಕೈದು ತಿಂಗಳ ತರುವಾಯ ನೆಲಕ್ಕೆ ತಾಕಿ ಸವೆದುಹೋಯಿತು.